ಒಂದೇ ಹೆಸರಿನ ಹಲವು ಹೂಗಳು: ಯುಪಟೋರಿಯಂ ಬಳಗವನ್ನು ಗುರುತಿಸುವ ಬಗೆ

1818ರ ಅಕ್ಟೋಬರ್ 5ರಂದು ಅಮೆರಿಕದ ಇಂಡಿಯಾನಾ ರಾಜ್ಯದ ಲಿಟಲ್ ಪಿಜನ್ ಕ್ರೀಕ್ ಎಂಬ ಕಾಡಂಚಿನ ಹಳ್ಳಿಯಲ್ಲಿ ನ್ಯಾನ್ಸಿ ಹ್ಯಾಂಕ್ಸ್ ಲಿಂಕನ್ ಎಂಬ ಗೃಹಿಣಿ ಕೊನೆಯುಸಿರೆಳೆದರು. ಮುಂದೆ ಅಮೆರಿಕದ ಅಧ್ಯಕ್ಷನಾಗಲಿದ್ದ ಮಗ ಅಬ್ರಹಾಂ ಲಿಂಕನ್‌ಗೆ ಆಗ ಒಂಬತ್ತು ವರ್ಷ. ಕೆಲವೇ ದಿನಗಳ ಹಿಂದೆ ಅದೇ ಕಾಯಿಲೆಗೆ ಆಕೆಯ ಬಂಧುಗಳಾದ ಸ್ಪ್ಯಾರೋ ದಂಪತಿಯೂ ಬಲಿಯಾಗಿದ್ದರು. ಊರಿನವರು ಆ ಕಾಯಿಲೆಯನ್ನು 'ಹಾಲಿನ ಬೇನೆ' ಎಂದು ಕರೆಯುತ್ತಿದ್ದರು. ಹಾಲು ಕುಡಿದವರಿಗೆ ಅದು ಬರುತ್ತದೆ ಎಂಬುದು ತಿಳಿದಿತ್ತು. ಹಾಲಿಗೆ ವಿಷ ಎಲ್ಲಿಂದ ಬಂತು ಎಂಬುದು ತಿಳಿದಿರಲಿಲ್ಲ.

ವಿಷ ಬಂದದ್ದು ಕಾಡಿನ ತೇವದ ನೆರಳಿನಲ್ಲಿ ಬೆಳೆಯುವ, ಬೆಳ್ಳಗೆ ಅರಳುವ ಒಂದು ಸಾಧಾರಣ ಗಿಡದಿಂದ. ಅದರ ಹೆಸರು ವೈಟ್ ಸ್ನೇಕ್‌ರೂಟ್. ಅದರಿಂದ ಅನತಿ ದೂರದಲ್ಲಿ, ತೊರೆಯ ದಂಡೆಯ ಜೌಗುನೆಲದಲ್ಲಿ ಹೆಚ್ಚುಕಡಿಮೆ ಅಂಥದ್ದೇ ಬಿಳಿ ಹೂ ಬಿಡುವ ಮತ್ತೊಂದು ಗಿಡ ನಿಂತಿರುತ್ತದೆ. ಅದು ಬೋನ್‌ಸೆಟ್. ಅದನ್ನು ಜನ ಜ್ವರಕ್ಕೆ ಕಷಾಯ ಮಾಡಿ ಕುಡಿಯುತ್ತಿದ್ದರು. ಒಂದು ಮದ್ದು, ಇನ್ನೊಂದು ವಿಷ. ಬಹುಕಾಲ ಎರಡಕ್ಕೂ ಸಸ್ಯಶಾಸ್ತ್ರದಲ್ಲಿ ಒಂದೇ ಮನೆತನದ ಹೆಸರು: ಯುಪಟೋರಿಯಂ. ಮಲೆನಾಡಿನ ಕಾಡಂಚಿನಲ್ಲಿ ಹಬ್ಬಿರುವ ಕಳೆಯಿಂದಾಗಿ ಈ ಹೆಸರು ಕನ್ನಡಿಗರಿಗೂ ಹೊಸತಲ್ಲ.

ಉತ್ತರ ಅಮೆರಿಕದ ಮಹಾಸರೋವರಗಳ ಸುತ್ತಮುತ್ತ, ಕೆನಡಾದ ಆಗ್ನೇಯ ಪ್ರಾಂತ್ಯಗಳಲ್ಲಿ ಹಾಗೂ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಬೇಸಿಗೆಯ ಕೊನೆಗೆ ಅರಳುವ ಈ ಬಳಗದ ಗಿಡಗಳನ್ನು ಬೇರ್ಪಡಿಸಿ ಗುರುತಿಸುವುದು ಕಷ್ಟವೆಂದು ತೋರಬಹುದು. ಆದರೆ ನೋಡಬೇಕಾದ ಜಾಗ ತಿಳಿದಿದ್ದರೆ ಇದು ಕಠಿಣವಲ್ಲ. ಹೂವಿನ ಬಣ್ಣ ದಾರಿ ತಪ್ಪಿಸುತ್ತದೆ. ಎಲೆಯು ಕಾಂಡವನ್ನು ಸೇರುವ ಗೆಣ್ಣು ಹಾದಿ ತೋರಿಸುತ್ತದೆ.

ಸೇವಂತಿಗೆಯ ಕುಲ, ಆದರೆ ದಳವಿಲ್ಲ

ಈ ಗಿಡಗಳೆಲ್ಲ ಸೇವಂತಿಗೆ, ಸೂರ್ಯಕಾಂತಿ, ಚೆಂಡುಹೂಗಳ ಕುಟುಂಬಕ್ಕೆ ಸೇರಿದವು. ಈ ಕುಟುಂಬದಲ್ಲಿ ನಾವು ಒಂದು ಹೂ ಎಂದು ಕರೆಯುವುದು ವಾಸ್ತವವಾಗಿ ಹಲವಾರು ಕಿರುಹೂಗಳ ಒಂದು ಗುಂಪು. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಚೆಂಡುಮಂಜರಿ ಎಂದು ಹೆಸರು. ಸೂರ್ಯಕಾಂತಿಯಲ್ಲಿ ಅಂಚಿನ ಕಿರುಹೂಗಳು ಹಳದಿ ಪಟ್ಟಿಗಳಂತೆ ಚಾಚಿಕೊಂಡು ದಳಗಳಂತೆ ಕಾಣುತ್ತವೆ; ನಡುವಿನವು ಪುಟ್ಟ ಕೊಳವೆಗಳಂತಿರುತ್ತವೆ.

ಯುಪಟೋರಿಯಂ ಬಳಗದಲ್ಲಿ ಅಂಚಿನ ಪಟ್ಟಿಹೂಗಳೇ ಇಲ್ಲ. ಇರುವುದೆಲ್ಲ ಕೊಳವೆಯಂಥ ಕಿರುಹೂಗಳು. ಪ್ರತಿ ಕಿರುಹೂವಿನಿಂದ ಎರಡು ಕವಲಾಗಿ ಒಡೆದ ಎಳೆ ಹೊರಚಾಚಿರುತ್ತದೆ. ಸಾವಿರಾರು ಎಳೆಗಳು ಒಟ್ಟುಗೂಡಿ ಹೂಗೊಂಚಲಿಗೆ ನೊರೆಯಂಥ, ಹತ್ತಿ ಹಿಂಜಿದಂಥ ನೋಟ ಬರುತ್ತದೆ. ಬಣ್ಣ ಬಿಳಿ, ತಿಳಿ ಗುಲಾಬಿ ಅಥವಾ ನೇರಳೆ. ಜೌಗಿನಲ್ಲಿ ಹಳದಿ ಹೂ ಕಂಡರೆ ಅದು ಈ ಬಳಗದ್ದಲ್ಲ ಎಂದು ನಿಶ್ಚಯಿಸಬಹುದು.

ದೂರದಿಂದ ನೋಡಿದಾಗ ಮೋಸ ಮಾಡುವ ಇನ್ನೆರಡು ಗಿಡಗಳಿವೆ. ಒಂದು, ಐರನ್‌ವೀಡ್. ಇದೂ ಸೇವಂತಿಗೆಯ ಕುಟುಂಬದ್ದೇ. ಗಾಢ ನೇರಳೆ ಹೂ. ಆದರೆ ಇದರ ಎಲೆಗಳು ಕಾಂಡದ ಮೇಲೆ ಒಂದಾದ ಮೇಲೊಂದರಂತೆ ಬೇರೆ ಬೇರೆ ಎತ್ತರದಲ್ಲಿ ಹೊರಡುತ್ತವೆ. ಇನ್ನೊಂದು, ಜೌಗಿನ ಮಿಲ್ಕ್‌ವೀಡ್. ಹೂ ಗುಲಾಬಿ, ಎಲೆಗಳು ಎದುರುಬದುರು. ಆದರೆ ಎಲೆ ಮುರಿದರೆ ನಮ್ಮ ಎಕ್ಕದ ಗಿಡದಂತೆ ಹಾಲು ಒಸರುತ್ತದೆ. ಎಕ್ಕವೂ ಅದೇ ಕುಟುಂಬದ್ದು. ಯುಪಟೋರಿಯಂ ಬಳಗದಲ್ಲಿ ಹಾಲು ಬರುವುದಿಲ್ಲ.

ಮೊದಲ ಪ್ರಶ್ನೆ: ಒಂದು ಗೆಣ್ಣಿಗೆ ಎಷ್ಟು ಎಲೆ?

ಕಾಂಡದ ನಡುಭಾಗದ ಒಂದು ಗೆಣ್ಣನ್ನು ಆರಿಸಿಕೊಂಡು ಅಲ್ಲಿ ಎಷ್ಟು ಎಲೆಗಳಿವೆ ಎಂದು ಎಣಿಸಬೇಕು. ಮೂರು ಅಥವಾ ಅದಕ್ಕಿಂತ ಹೆಚ್ಚು ಎಲೆಗಳು ಛತ್ರಿಯ ಕಡ್ಡಿಗಳಂತೆ ಸುತ್ತಲೂ ಹರಡಿದ್ದರೆ ಅದು ಜೋ ಪೈ ವೀಡ್ ಗುಂಪು. ಎರಡೇ ಎಲೆಗಳು ಎದುರುಬದುರಾಗಿದ್ದರೆ ಅದು ಬೋನ್‌ಸೆಟ್ ಅಥವಾ ಸ್ನೇಕ್‌ರೂಟ್ ಕಡೆಯದು. ಸಾಮಾನ್ಯವಾಗಿ ಮೊದಲ ಗುಂಪಿನ ಹೂ ಗುಲಾಬಿ, ಎರಡನೆಯದರ ಹೂ ಬಿಳಿ. ಬಣ್ಣ ಮಾಸಿದ ಮೇಲೂ, ಹೂ ಬಿಡುವ ಮೊದಲೂ ಎಲೆಯ ಲೆಕ್ಕ ಉಪಯೋಗಕ್ಕೆ ಬರುತ್ತದೆ ಎಂಬುದೇ ಈ ಕ್ರಮದ ಹೆಚ್ಚುಗಾರಿಕೆ.

ಬಿಳಿ ಹೂಗಳು: ಎಲೆಗೆ ತೊಟ್ಟಿದೆಯೆ?

ಪ್ರಾಣಕ್ಕೆ ಸಂಬಂಧಿಸಿದ ವ್ಯತ್ಯಾಸ ಇರುವುದು ಇಲ್ಲಿ. ಬೋನ್‌ಸೆಟ್‌ನ ಸಸ್ಯಶಾಸ್ತ್ರೀಯ ಹೆಸರು ಯುಪಟೋರಿಯಂ ಪರ್ಫೋಲಿಯೇಟಂ. ಎಲೆಯನ್ನು ತೂರಿ ಹೊರಟ ಕಾಂಡವುಳ್ಳದ್ದು ಎಂಬುದು ಇದರ ಭಾವ. ಎದುರುಬದುರಿನ ಎರಡು ಎಲೆಗಳಿಗೆ ತೊಟ್ಟೇ ಇಲ್ಲ. ಬುಡದಲ್ಲಿ ಅವು ಒಂದಕ್ಕೊಂದು ಬೆಸೆದುಕೊಂಡಿವೆ. ಉದ್ದನೆಯ ಒಂದೇ ಎಲೆಯ ನಡುವೆ ತೂತು ಕೊರೆದು ಕಾಂಡವನ್ನು ತೂರಿಸಿದಂತೆ, ದೋಣಿಯ ನಡುವೆ ಕಂಬ ನೆಟ್ಟಂತೆ ಕಾಣುತ್ತದೆ. ಎಲೆ ಉದ್ದಕ್ಕೆ ಚೂಪಾಗುತ್ತ ಹೋಗುತ್ತದೆ, ಮೇಲ್ಮೈ ಸುಕ್ಕುಸುಕ್ಕು. ಕಾಂಡದ ಮೇಲೆ ಎದ್ದು ಕಾಣುವ ರೋಮಗಳಿವೆ. ಹೂ ಮಾಸಲು ಬಿಳಿ. ಗಿಡ ಸಾಮಾನ್ಯವಾಗಿ ಒಂದು ಮೀಟರ್ ಆಸುಪಾಸು ಬೆಳೆದು, ಬಿಸಿಲು ಬೀಳುವ ಒದ್ದೆ ಹುಲ್ಲುಗಾವಲು, ಕೆರೆಯಂಚು, ತೊರೆಯ ದಂಡೆಗಳಲ್ಲಿ ನಿಲ್ಲುತ್ತದೆ.

ವೈಟ್ ಸ್ನೇಕ್‌ರೂಟ್‌ಗೆ ಈಗಿನ ಹೆಸರು ಅಜೆರಟಿನಾ ಆಲ್ಟಿಸ್ಸಿಮಾ. ಇದರ ಎಲೆಗೆ ಸ್ಪಷ್ಟವಾದ, ಕೆಲವು ಸೆಂಟಿಮೀಟರ್ ಉದ್ದದ ತೊಟ್ಟಿದೆ. ಎಲೆ ಅಗಲವಾಗಿ, ಅಂಚಿನಲ್ಲಿ ಒರಟು ಗರಗಸದ ಹಲ್ಲುಗಳಿಂದ ಕೂಡಿ, ಒಂದಿಷ್ಟು ದಾಸವಾಳದ ಎಲೆಯನ್ನು ನೆನಪಿಸುತ್ತದೆ. ಬುಡದಿಂದ ಮೂರು ಮುಖ್ಯ ನರಗಳು ಹೊರಡುತ್ತವೆ. ಕಾಂಡ ಬಹುಮಟ್ಟಿಗೆ ನಯ. ಹೂವಿನ ಬಿಳುಪು ಬೋನ್‌ಸೆಟ್‌ಗಿಂತ ಪ್ರಖರ. ಜೌಗಿನ ನಡುವೆ ಇದು ವಿರಳ. ಜೌಗಿಗೆ ಒತ್ತಿಕೊಂಡಿರುವ ಕಾಡಿನ ನೆರಳು, ನೆರೆನೀರು ಬಂದು ಹೋಗುವ ಹೊಳೆಯಂಚಿನ ತೋಪು ಇದರ ನೆಲೆ. ಎರಡೂ ಗಿಡಗಳು ನಾಲ್ಕು ಹೆಜ್ಜೆಯ ಅಂತರದಲ್ಲಿ ಸಿಗಬಹುದಾದ್ದರಿಂದ ನೆಲೆಯೊಂದನ್ನೇ ನಂಬುವಂತಿಲ್ಲ.

ಇವೆರಡರ ನಡುವೆ ಗೊಂದಲ ಹೆಚ್ಚಿಸುವ ಮೂರನೆಯ ಗಿಡ ಲೇಟ್ ಬೋನ್‌ಸೆಟ್, ಅರ್ಥಾತ್ ಯುಪಟೋರಿಯಂ ಸೆರೋಟಿನಂ. ಹೆಸರಿನಲ್ಲಿ ಬೋನ್‌ಸೆಟ್ ಇದ್ದರೂ ಇದರ ಎಲೆಗಳು ಬೆಸೆದುಕೊಂಡಿಲ್ಲ. ಸ್ನೇಕ್‌ರೂಟ್‌ನಂತೆ ತೊಟ್ಟಿದೆ, ಮೂರು ನರಗಳೂ ಇವೆ. ಆದರೆ ಎಲೆ ಕಿರಿದು, ಈಟಿಯ ಮೊನೆಯಂತೆ ನೀಳ. ಬಣ್ಣ ಬೂದುಮಿಶ್ರಿತ ಹಸಿರು. ಕಾಂಡದ ಮೇಲೆ ಮೃದು ರೋಮಗಳ ಹೊದಿಕೆ. ಹೂವಿನ ಬಿಳುಪು ಮಂದ. ಇದು ಬಯಲಿನ ಗಿಡ. ಎಲೆ ಬೆಸೆದಿದ್ದರೆ ಬೋನ್‌ಸೆಟ್, ತೊಟ್ಟಿದ್ದು ಎಲೆ ಅಗಲವಾಗಿದ್ದರೆ ಸ್ನೇಕ್‌ರೂಟ್, ತೊಟ್ಟಿದ್ದು ಎಲೆ ನೀಳವಾಗಿ ಬೂದುಬಣ್ಣಕ್ಕಿದ್ದರೆ ಲೇಟ್ ಬೋನ್‌ಸೆಟ್ ಎಂದು ಸಂಗ್ರಹಿಸಬಹುದು.

ಹಾಲಿಗೆ ಇಳಿದ ವಿಷ

ಸ್ನೇಕ್‌ರೂಟ್‌ನ ವಿಷಾಂಶಕ್ಕೆ ಟ್ರೆಮೆಟಾಲ್ ಎಂದು ಹೆಸರು. ಇದು ಒಂದೇ ರಾಸಾಯನಿಕವಲ್ಲ, ಹಲವು ಸಂಯುಕ್ತಗಳ ಮಿಶ್ರಣ. ಗಿಡ ತಿಂದ ದನಗಳು ನಡುಗತೊಡಗಿ ಕುಸಿಯುತ್ತವೆ. ಹಾಲು ಕೊಡುವ ಹಸುವಿನ ಮೈಯಿಂದ ವಿಷದ ಒಂದು ಭಾಗ ಹಾಲಿಗೆ ಹರಿದುಹೋಗುವುದರಿಂದ, ಹಸುವಿನಲ್ಲಿ ಲಕ್ಷಣ ಕಾಣುವ ಮೊದಲೇ ಕರುವೂ ಮನೆಮಂದಿಯೂ ಕಾಯಿಲೆ ಬೀಳಬಹುದು. ಮನುಷ್ಯರಲ್ಲಿ ನಿಶ್ಶಕ್ತಿ, ವಾಂತಿ, ಮಲಬದ್ಧತೆ, ಬಾಯಾರಿಕೆ, ಉಸಿರಿನಲ್ಲಿ ಅಸಿಟೋನ್ ವಾಸನೆ, ಕೊನೆಗೆ ಪ್ರಜ್ಞಾಹೀನತೆ ಕಾಣಿಸಿಕೊಳ್ಳುತ್ತವೆ.

ಕಾಯಿಲೆ ವಿಶೇಷವಾಗಿ ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯ ಕೊನೆಯಲ್ಲಿ, ಶರತ್ಕಾಲದಲ್ಲಿ ಬರುತ್ತಿದ್ದುದಕ್ಕೆ ಕಾರಣವಿದೆ. ಹುಲ್ಲು ಒಣಗಿದಾಗ ಬೇಲಿಯಿಲ್ಲದ ದನಗಳು ಕಾಡಿಗೆ ನುಗ್ಗಿ, ನೆರಳಿನಲ್ಲಿ ಇನ್ನೂ ಹಸಿರಾಗಿ ಉಳಿದಿರುತ್ತಿದ್ದ ಈ ಗಿಡವನ್ನು ಮೇಯುತ್ತಿದ್ದವು. ಇಲಿನಾಯ್ ರಾಜ್ಯದ ದಕ್ಷಿಣ ಭಾಗದಲ್ಲಿ ಸೂಲಗಿತ್ತಿಯೂ ವೈದ್ಯೆಯೂ ಆಗಿದ್ದ ಆ್ಯನಾ ಹಾಬ್ಸ್ ಬಿಕ್ಸ್‌ಬಿ ಎಂಬಾಕೆಗೆ ಶಾನೀ ಬುಡಕಟ್ಟಿನ ವೃದ್ಧೆಯೊಬ್ಬಳು ಈ ಗಿಡವನ್ನು ತೋರಿಸಿಕೊಟ್ಟಳು ಎಂಬ ಪ್ರತೀತಿ ಆ ಭಾಗದಲ್ಲಿದೆ. ಪ್ರಯೋಗಾಲಯದ ಸಮರ್ಥನೆ ದೊರೆತದ್ದು ಮಾತ್ರ 1920ರ ದಶಕದಲ್ಲಿ. ಅಮೆರಿಕದ ಕೃಷಿ ಇಲಾಖೆಯ ರಸಾಯನಶಾಸ್ತ್ರಜ್ಞ ಜೇಮ್ಸ್ ಕೌಚ್ ವಿಷಾಂಶವನ್ನು ಬೇರ್ಪಡಿಸಿದರು. ನ್ಯಾನ್ಸಿ ಲಿಂಕನ್ ತೀರಿಕೊಂಡು ಆಗ ನೂರು ವರ್ಷ ದಾಟಿತ್ತು.

ದನಗಳನ್ನು ಬೇಲಿಯೊಳಗಿನ ಹುಲ್ಲುಗಾವಲಿನಲ್ಲಿ ಮೇಯಿಸುವ ಪದ್ಧತಿ ಬಂದ ಮೇಲೆ, ಹಲವು ಕೊಟ್ಟಿಗೆಗಳ ಹಾಲು ಡೇರಿಯಲ್ಲಿ ಬೆರೆಯತೊಡಗಿದ ಮೇಲೆ ಹಾಲಿನ ಬೇನೆ ಬಹುಮಟ್ಟಿಗೆ ಮರೆಯಾಯಿತು. ಗಿಡ ಮಾತ್ರ ಮರೆಯಾಗಿಲ್ಲ. ಕಂದುಬಣ್ಣದ ಎಲೆಯ ಅದರ ಒಂದು ತಳಿ 'ಚಾಕೊಲೇಟ್' ಎಂಬ ಹೆಸರಿನಲ್ಲಿ ನರ್ಸರಿಗಳ ಮೂಲಕ ಕೈತೋಟಗಳಿಗೂ ಬಂದಿದೆ. ಮನೆಮಟ್ಟಿಗೆ ಒಂದೆರಡು ಹಸು, ಮೇಕೆ, ಕುದುರೆ ಸಾಕಿ ಕಾಡಂಚಿನಲ್ಲಿ ಮೇಯಲು ಬಿಡುವವರಿಗೆ ಈ ಗಿಡದ ಗುರುತು ಇಂದಿಗೂ ಅಗತ್ಯ.

ಗುಲಾಬಿ ಹೂಗಳು: ಕಾಂಡ ಟೊಳ್ಳೊ, ಗಟ್ಟಿಯೊ?

ಜೋ ಪೈ ವೀಡ್ ಎಂಬುದು ಒಂದು ಗಿಡವಲ್ಲ, ಐದು ಪ್ರಭೇದಗಳಿಗೆ ಸಲ್ಲುವ ಹೆಸರು. ಇವು ಮನುಷ್ಯನೆತ್ತರಕ್ಕೂ ಮೀರಿ ಬೆಳೆಯಬಲ್ಲವು. ಹೆಸರಿಗೆ ಕಾರಣನಾದ ಜೋ ಪೈ ಯಾರು ಎಂಬ ಬಗ್ಗೆ ಬಹುಕಾಲ ದಂತಕಥೆಗಳಷ್ಟೇ ಇದ್ದವು. 2017ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಆತ ಮೊಹಿಕನ್ ಬುಡಕಟ್ಟಿನ ಮುಖಂಡ ಜೋಸೆಫ್ ಶಾಕೆತ್‌ಕ್ವೀಟ್ ಎಂದು ಗುರುತಿಸಿತು. ಉತ್ತರದಲ್ಲಿ ಸಿಗುವ ನಾಲ್ಕು ಪ್ರಭೇದಗಳನ್ನು ಹೀಗೆ ಬೇರ್ಪಡಿಸಬಹುದು.

ಯೂಟ್ರೋಕಿಯಂ ಮ್ಯಾಕ್ಯುಲೇಟಂ: ಉತ್ತರದ ಜೌಗಿನ ನಿಜವಾದ ನಿವಾಸಿ. ನ್ಯೂಫೌಂಡ್‌ಲ್ಯಾಂಡ್‌ನಿಂದ ಬ್ರಿಟಿಷ್ ಕೊಲಂಬಿಯಾದವರೆಗೆ ಹರಡಿದೆ. ಕಾಂಡ ಗಟ್ಟಿ, ಮೇಲೆ ನೇರಳೆ ಚುಕ್ಕೆಗಳು, ಕೆಲವೊಮ್ಮೆ ಪೂರ್ತಿ ನೇರಳೆ. ಹೂಗೊಂಚಲಿನ ತಲೆ ಬಹುತೇಕ ಚಪ್ಪಟೆ. ಒಂದೊಂದು ಚೆಂಡುಮಂಜರಿಯಲ್ಲಿ ಸಾಮಾನ್ಯವಾಗಿ 9ರಿಂದ 20 ಕಿರುಹೂಗಳು.

ಯೂಟ್ರೋಕಿಯಂ ಫಿಸ್ಟುಲೋಸಂ: ಕಾಂಡ ಬಿದಿರಿನಂತೆ ಟೊಳ್ಳು, ನೇರಳೆ ಕಾಂಡದ ಮೇಲೆ ದ್ರಾಕ್ಷಿಹಣ್ಣಿನ ಮೇಲಿರುವಂಥ ಬಿಳಿ ಹುಡಿಯ ಲೇಪ. ಹೂಗೊಂಚಲು ಗುಮ್ಮಟದಂತೆ ಉಬ್ಬಿರುತ್ತದೆ. ಕಿರುಹೂಗಳು 5ರಿಂದ 7. ಎಲೆಯಂಚಿನ ಹಲ್ಲುಗಳು ಮೊಂಡು. ಮೂರು ಮೀಟರ್ ದಾಟಬಲ್ಲದು. ದಕ್ಷಿಣಕ್ಕೆ ಫ್ಲಾರಿಡಾವರೆಗೂ ಇದೆ.

ಯೂಟ್ರೋಕಿಯಂ ಪರ್ಪ್ಯೂರಿಯಂ: ಹೆಸರಿನಲ್ಲಿ ನೇರಳೆ ಇದ್ದರೂ ಕಾಂಡ ಹಸಿರು, ಗೆಣ್ಣುಗಳಲ್ಲಿ ಮಾತ್ರ ನೇರಳೆ. ಕಾಂಡ ಗಟ್ಟಿ. ಹೂ ನಾಲ್ಕರಲ್ಲೂ ತೀರ ಮಸುಕು. ಕಿರುಹೂಗಳು 5ರಿಂದ 7. ಜಜ್ಜಿದಾಗ ವೆನಿಲಾದಂಥ ಪರಿಮಳ. ಜೌಗಿಗಿಂತ ಕಾಡಂಚಿನ ಒಣ ನೆಲ ಇದಕ್ಕೆ ಇಷ್ಟ.

ಯೂಟ್ರೋಕಿಯಂ ಡ್ಯೂಬಿಯಂ: ಅಟ್ಲಾಂಟಿಕ್ ಕರಾವಳಿಯ ಒದ್ದೆ ಮರಳುನೆಲದ ಗಿಡ, ಎತ್ತರ ಕಡಿಮೆ. ಕಾಂಡದಲ್ಲಿ ಚುಕ್ಕೆಗಳಿರುವುದರಿಂದ ಮ್ಯಾಕ್ಯುಲೇಟಂ ಎಂದು ಭ್ರಮೆಯಾಗುತ್ತದೆ. ಎಲೆ ತಿರುಗಿಸಿ ನೋಡಿದರೆ ಭ್ರಮೆ ಹರಿಯುತ್ತದೆ: ಇದರ ಬುಡದಿಂದ ಮೂರು ದಪ್ಪ ನರಗಳು ಹೊರಡುತ್ತವೆ, ಉಳಿದ ಮೂರು ಪ್ರಭೇದಗಳಲ್ಲಿ ನಡುನರ ಒಂದೇ ಪ್ರಧಾನ, ಅದರಿಂದ ಪಕ್ಕದ ನರಗಳು ಗರಿಯಂತೆ ಕವಲೊಡೆಯುತ್ತವೆ.

ಕಾಂಡ ಟೊಳ್ಳೊ ಗಟ್ಟಿಯೊ ಎಂದು ಪರೀಕ್ಷಿಸುವಾಗ ಬುಡವನ್ನು ಕತ್ತರಿಸಿ ನೋಡುವುದು ಸರಿಯಲ್ಲ. ಗಟ್ಟಿ ಕಾಂಡದವೂ ಬುಡದ ಬಳಿ ಕೆಲವೊಮ್ಮೆ ಟೊಳ್ಳಾಗಿರುತ್ತವೆ. ನಡುಭಾಗವೇ ನಂಬಿಕೆಗೆ ಅರ್ಹ. ಪ್ರಭೇದಗಳು ತಮ್ಮತಮ್ಮಲ್ಲೇ ಬೆರೆತು ಮಿಶ್ರತಳಿಗಳಾಗುವುದೂ ಉಂಟು. ಆದ್ದರಿಂದ ಒಂದು ಲಕ್ಷಣವನ್ನಷ್ಟೇ ಹಿಡಿದು ತೀರ್ಮಾನಿಸದೆ ಎರಡು ಮೂರನ್ನು ಕೂಡಿಸಿ ನೋಡುವುದು ವಾಡಿಕೆ.

ಬೇಸಿಗೆಯ ಕೊನೆಗೆ ದಕ್ಷಿಣಕ್ಕೆ ವಲಸೆ ಹೊರಡುವ ಮೊನಾರ್ಕ್ ಚಿಟ್ಟೆಗಳಿಗೆ ಈ ಹೂಗಳ ಮಕರಂದ ದಾರಿಯ ಬುತ್ತಿ. ಜೌಗುನೆಲವನ್ನು ಮತ್ತೆ ಕಟ್ಟುವ ಯೋಜನೆಗಳಲ್ಲಿ ಇವನ್ನು ನೆಡುತ್ತಾರೆ. ಒಣನೆಲದ ಪರ್ಪ್ಯೂರಿಯಂ ಗಿಡವನ್ನು ನೀರು ನಿಲ್ಲುವಲ್ಲಿ ನೆಟ್ಟರೆ ಶ್ರಮ ವ್ಯರ್ಥ. ಗುರುತಿನ ಪ್ರಯೋಜನ ಅಲ್ಲಿಯೂ ಇದೆ.

ಹೆಸರು ಒಡೆದ ಬಗೆ

ಒಂದು ಕಾಲಕ್ಕೆ ಯುಪಟೋರಿಯಂ ಎಂಬ ಹೆಸರಿನಡಿ ನೂರಾರು ಪ್ರಭೇದಗಳಿದ್ದವು. ಅಮೆರಿಕದ ಸಸ್ಯಶಾಸ್ತ್ರಜ್ಞರಾದ ರಾಬರ್ಟ್ ಕಿಂಗ್ ಮತ್ತು ಹೆರಾಲ್ಡ್ ರಾಬಿನ್ಸನ್ 1970ರ ದಶಕದಲ್ಲಿ ಈ ದೊಡ್ಡ ಮನೆಯನ್ನು ಪಾಲು ಮಾಡಿದರು. ಹಿಂದೆ ಯುಪಟೋರಿಯಂ ರುಗೋಸಂ ಎನಿಸಿಕೊಂಡಿದ್ದ ಸ್ನೇಕ್‌ರೂಟ್ 1970ರಲ್ಲಿ ಅಜೆರಟಿನಾ ಪಾಲಿಗೆ ಹೋಯಿತು. ಜೋ ಪೈ ಗುಂಪಿಗೆ ಯೂಟ್ರೋಕಿಯಂ ಎಂಬ ಹಳೆಯ ಹೆಸರು 2004ರಲ್ಲಿ ಮರಳಿ ಸಂದಿತು. ಬೋನ್‌ಸೆಟ್ ಮಾತ್ರ ಯುಪಟೋರಿಯಂ ಆಗಿಯೇ ಉಳಿಯಿತು. ಹಳೆಯ ಪುಸ್ತಕಗಳಲ್ಲಿ ಮೂರೂ ಒಂದೇ ಹೆಸರಿನಡಿ ಇರುವುದರಿಂದ, ಹೆಸರನ್ನಷ್ಟೇ ನೋಡಿ ಗುಣವನ್ನು ಊಹಿಸುವುದು ಅಪಾಯ.

ಕರ್ನಾಟಕದ ನಂಟು

ಈ ಎಚ್ಚರಿಕೆ ಕನ್ನಡಿಗರಿಗೂ ಸಲ್ಲುತ್ತದೆ. ಮಲೆನಾಡು, ಕರಾವಳಿಗಳಲ್ಲಿ ರಸ್ತೆಬದಿ, ತೋಟ, ಕಾಡಂಚುಗಳನ್ನು ಆವರಿಸಿರುವ 'ಯುಪಟೋರಿಯಂ' ಕಳೆಯೂ ಹಿಂದೆ ಯುಪಟೋರಿಯಂ ಓಡೊರೇಟಂ ಆಗಿತ್ತು. ಉಷ್ಣವಲಯದ ಅಮೆರಿಕ ಇದರ ತವರು. 1970ರಲ್ಲಿ ಇದೂ ಬೇರೆಯಾಗಿ ಕ್ರೊಮೊಲೀನಾ ಓಡೊರೇಟಾ ಎನಿಸಿತು. ಕೇರಳದಲ್ಲಿ ಇದಕ್ಕೆ ಕಮ್ಯುನಿಸ್ಟ್ ಗಿಡ ಎಂಬ ಅಡ್ಡಹೆಸರಿದೆ. ಇದರ ಎಲೆ ತ್ರಿಕೋನಾಕಾರ, ತೊಟ್ಟಿದೆ, ಬುಡದಿಂದ ಹೊರಟ ಮೂರು ನರಗಳು ತ್ರಿಶೂಲದಂತೆ ಕಾಣುತ್ತವೆ, ಉಜ್ಜಿದರೆ ಘಾಟು ವಾಸನೆ. ಚಳಿಗಾಲದಲ್ಲಿ ಮಾಸಲು ಬಿಳಿ ಅಥವಾ ತಿಳಿ ನೇರಳೆ ಹೂ ಬಿಡುತ್ತದೆ. ನೀಲಗಿರಿಯ ಎತ್ತರದಲ್ಲಿ ಹಬ್ಬಿರುವ ಅಜೆರಟಿನಾ ಅಡೆನೊಫೊರಾ ಎಂಬ ಕಳೆಯು ಸ್ನೇಕ್‌ರೂಟ್‌ನ ಹತ್ತಿರದ ಬಂಧು. ಇದನ್ನು ಮೇದ ಕುದುರೆಗಳಿಗೆ ಶ್ವಾಸಕೋಶದ ಕಾಯಿಲೆ ತಗಲುತ್ತದೆ.

ಬೋನ್‌ಸೆಟ್‌ಗೆ ಆ ಹೆಸರು ಬಂದದ್ದು 'ಮೂಳೆಮುರಿ ಜ್ವರ'ಕ್ಕೆ ಮದ್ದಾಗಿ ಬಳಸುತ್ತಿದ್ದುದರಿಂದ ಎಂಬ ವಿವರಣೆ ಪ್ರಚಲಿತವಾಗಿದೆ. ಇಂಗ್ಲಿಷಿನಲ್ಲಿ ಮೂಳೆಮುರಿ ಜ್ವರ ಎಂದರೆ ಡೆಂಗಿ. ಡೆಂಗಿ, ಚಿಕೂನ್‌ಗುನ್ಯಾ ಹಬ್ಬಿದಾಗಲೆಲ್ಲ ಯುಪಟೋರಿಯಂ ಪರ್ಫೋಲಿಯೇಟಂ ಎಂಬ ಹೋಮಿಯೊಪಥಿ ಔಷಧದ ಹೆಸರು ನಮ್ಮಲ್ಲೂ ಕೇಳಿಬರುತ್ತದೆ. ಅದು ಡೆಂಗಿಯನ್ನು ಗುಣಪಡಿಸುತ್ತದೆ ಎಂಬುದು ವೈಜ್ಞಾನಿಕವಾಗಿ ಸಿದ್ಧಪಟ್ಟಿಲ್ಲ. ಜ್ವರ ಬಂದವರು ವೈದ್ಯರನ್ನು ಕಾಣುವುದೇ ಸರಿ.

ಅದಕ್ಕಿಂತ ಮುಖ್ಯವಾಗಿ, ಔಷಧದ ಬಾಟಲಿಯ ಮೇಲಿನ ಯುಪಟೋರಿಯಂ ಬೇರೆ, ಹಿತ್ತಲ ಬೇಲಿಯ ಯುಪಟೋರಿಯಂ ಬೇರೆ. ಹೆಸರಿನ ಹೋಲಿಕೆಯನ್ನು ನಂಬಿ ಕಳೆಯ ಸೊಪ್ಪನ್ನು ಕಷಾಯಕ್ಕೆ ಹಾಕುವುದು ಸಲ್ಲದು. ಬೋನ್‌ಸೆಟ್, ಜೋ ಪೈ, ಕ್ರೊಮೊಲೀನಾ ಮೂರರಲ್ಲೂ ಯಕೃತ್ತಿಗೆ ಹಾನಿ ಮಾಡಬಲ್ಲ ಪೈರೊಲಿಜಿಡಿನ್ ಆಲ್ಕಲಾಯ್ಡ್‌ಗಳು ಪತ್ತೆಯಾಗಿವೆ. ಮದ್ದಿನ ಗಿಡವೆಂದು ಹೆಸರಾದ ಬೋನ್‌ಸೆಟ್ ಕೂಡ ಈ ಮಾತಿಗೆ ಹೊರತಲ್ಲ.

ಪರೀಕ್ಷೆಯ ಕ್ರಮ

ಒಟ್ಟಾರೆ ಕ್ರಮ ಇಷ್ಟು. ಮೊದಲು ಗೆಣ್ಣಿನ ಎಲೆಗಳನ್ನು ಎಣಿಸಬೇಕು. ಎರಡೇ ಇದ್ದರೆ ತೊಟ್ಟಿದೆಯೆ, ಇಲ್ಲವೆ ಎಂದು ನೋಡಬೇಕು. ಮೂರು ಅಥವಾ ಹೆಚ್ಚಿದ್ದರೆ ಕಾಂಡದ ಬಣ್ಣ, ಟೊಳ್ಳು, ಎಲೆಯ ನರ, ಕೊನೆಗೆ ಕಿರುಹೂಗಳ ಸಂಖ್ಯೆ. ಹೂವಿನ ಬಣ್ಣಕ್ಕೆ ಈ ಪಟ್ಟಿಯಲ್ಲಿ ಕಡೆಯ ಸ್ಥಾನ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗರು ಆಗಸ್ಟ್‌, ಸೆಪ್ಟೆಂಬರ್‌ಗಳಲ್ಲಿ ಯಾವುದೇ ತೊರೆಯ ಬದಿಯಲ್ಲಿ ಇವನ್ನು ಪರೀಕ್ಷಿಸಿ ನೋಡಬಹುದು.

ಇನ್ನೂರು ವರ್ಷಗಳ ಹಿಂದೆ ಇಂಡಿಯಾನಾದ ಆ ಹಳ್ಳಿಯಲ್ಲಿ ಸಾವಿಗೆ ಕಾರಣವಾದ ಗಿಡ ಎಲ್ಲರ ಕಣ್ಣೆದುರೇ ಇತ್ತು. ಅದರ ಎಲೆ, ತೊಟ್ಟು, ನರ ಯಾವುದೂ ಗುಟ್ಟಾಗಿರಲಿಲ್ಲ. ಹಾಲಿಗೂ ಆ ಗಿಡಕ್ಕೂ ಇರುವ ಸಂಬಂಧವನ್ನು ಬಲ್ಲವರು ಮಾತ್ರ ಅಲ್ಲಿರಲಿಲ್ಲ.